ಹದಿನಾಲ್ಕನೇ ಮಂಚದ ಅಕ್ಕಂದಿರು

ಸಂಗಮ್ಮ ಹಾಸ್ಟೆಲ್ ಹುಡುಗಿಯರಿಗೆ ತೆಳ್ಳಗಾಗುವ ಪುಡಿ ಮಾರುತ್ತಾರೆ ಎಂದು ಪದ್ಮಶ್ರೀಯವರು ಒಂದು ಮಳೆಗಾಲ ಪೂರ್ತಿ ನಂಬಿದ್ದರು. ಬರೀ ನಂಬಿ ಸುಮ್ಮನಿರಲಿಲ್ಲ, ನಾಲ್ಕಾರು ಜನಕ್ಕೆ ಹೇಳಿಯೂ ಇದ್ದರು. ಕೇಳಿಸಿಕೊಂಡವರಲ್ಲಿ ಇಬ್ಬರು ಆಮೇಲೆ ಮೆಲ್ಲಗೆ ಪಕ್ಕಕ್ಕೆ ಕರೆದು, "ನಿಜವಾಗ್ಲೂ ಕೆಲಸ ಮಾಡುತ್ತಾ? ನಮಗೂ ಒಂದು ಡಬ್ಬಿ ಕೊಡಿಸ್ತೀರಾ?" ಎಂದು ವಿಚಾರಿಸಿದ್ದರಿಂದ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗಿತ್ತು.

ಗುಮಾನಿಗೆ ಆಧಾರವಿಲ್ಲದೆ ಇರಲಿಲ್ಲ. ಹಲಸೂರಿನ ನಂಜಮ್ಮ ಸ್ಮಾರಕ ವಿದ್ಯಾರ್ಥಿನಿ ನಿಲಯದ ಹುಡುಗಿಯರು ಭಾನುವಾರ ಬಂತೆಂದರೆ ಜೋಗುಪಾಳ್ಯದಲ್ಲಿ ಸಂಗಮ್ಮನ ಮನೆಯಿರುವ ಗಲ್ಲಿಗೆ ನುಗ್ಗುತ್ತಿದ್ದರು. ವಾಪಸ್ ಬರುವಾಗ ಕೈಯಲ್ಲಿ ಒಂದೊಂದು ಸ್ಟೀಲ್ ಡಬ್ಬಿ. ಇದನ್ನು ಪದ್ಮಶ್ರೀ ಕಾರಿನ ಕಿಟಕಿಯಿಂದ ಕಣ್ಣಾರೆ ಕಂಡಿದ್ದರು. ಈ ಕಾಲದ ಹುಡುಗಿಯರು ಏನೂ ಸಿಗದೆ ಒಬ್ಬ ಹಳೆ ವಿದ್ಯಾರ್ಥಿನಿಯ ಮನೆಗೆ ಹೋಗುತ್ತಾರೆಂದರೆ ನಂಬುವುದಾದರೂ ಹೇಗೆ? ತಾವು ಕರೆದರೆ ಬರುವುದಿಲ್ಲ. ತಾವೆಂದರೆ ಸಾಮಾನ್ಯರಲ್ಲ, ಹಳೆ ವಿದ್ಯಾರ್ಥಿನಿಯರ ಸಂಘದ ಅಧ್ಯಕ್ಷೆ. ನೂರಡಿ ರಸ್ತೆಯ ಹೋಟೆಲಿನಲ್ಲಿ ಏಸಿ ಹಾಲ್ ಹಿಡಿದು, ಹೈ ಟೀ ಇಟ್ಟು ಕರೆದರೂ ಹುಡುಗಿಯರಿಗೆ ಅದೇ ದಿನ ತಲೆನೋವು, ಅದೇ ದಿನ ಇಂಟರ್ನಲ್ ಪರೀಕ್ಷೆ.

ಪದ್ಮಶ್ರೀ ಕೆ.ಆರ್.ಪುರಂನ ಹಳೆಯ ಮನೆತನದವರು. ತಂದೆ ಮುನಿಆಂಜನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಪದ್ಮಶ್ರೀ ಡಿಗ್ರಿ ಓದುವ ಕಾಲಕ್ಕೆ ಕೆ.ಆರ್.ಪುರಂ ಎಂದರೆ ಊರಾಚೆ; ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ರಂಪ. ಹಾಗಾಗಿ ಮಗಳನ್ನು ಹಲಸೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಮದುವೆಯಾಗಿ ಇಂದಿರಾನಗರ ಸೇರಿದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ, ಪದ್ಮಶ್ರೀಗೆ ಹಾಸ್ಟೆಲ್ ಮತ್ತೆ ನೆನಪಾಯಿತು. ನೆನಪಾದ ವರ್ಷವೇ ಅಧ್ಯಕ್ಷೆಯೂ ಆದರು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ ಎಂಬುದನ್ನು ಅವರು ಅವಿರೋಧ ಆಯ್ಕೆ ಎಂದು ಕರೆಯುತ್ತಿದ್ದರು.

ಬಂದವರೇ "ಹಳೆಬೇರು ಹೊಸಚಿಗುರು ಬಾಂಧವ್ಯ ಬಲವರ್ಧನಾ ಅಭಿಯಾನ" ಶುರುಮಾಡಿದರು. ಅದಕ್ಕೊಂದು ಬ್ಯಾನರು. ಬ್ಯಾನರಿನಲ್ಲಿ ಅವರದೊಂದು ಫೋಟೋ. ಅದಕ್ಕೊಂದು ವಾಟ್ಸಾಪ್ ಗುಂಪು. ಗುಂಪಿನಲ್ಲಿ ಪ್ರತಿದಿನ ಬೆಳಿಗ್ಗೆ ಅವರು ಹಾಕುವ ಗುಲಾಬಿ ಹೂವಿಗೆ ಹುಡುಗಿಯರು ತಪ್ಪದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಒಮ್ಮೆ ಆತುರದಲ್ಲಿ ಯಾರದೋ ಶ್ರದ್ಧಾಂಜಲಿಯ ಚಿತ್ರ ಹಾಕಿದಾಗಲೂ ಅದೇ ಹೆಬ್ಬೆಟ್ಟು ಬಂತು. ಸಂಬಂಧ ಎಷ್ಟು ಬಲವಾಗಿದೆ ಎಂಬ ಬಗ್ಗೆ ಅವರಿಗೆ ಮೊದಲ ಅನುಮಾನ ಹುಟ್ಟಿದ್ದು ಆವತ್ತೇ.

ಇಲ್ಲಿ ನಂಜಮ್ಮ ಹಾಸ್ಟೆಲಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ಒಡಹುಟ್ಟಿದವರಿಗಿಂತ ಮಂಚದ ನೆಂಟಸ್ತಿಕೆ ದೊಡ್ಡದು. ಸಾಲಾಗಿ ಕಬ್ಬಿಣದ ಮಂಚಗಳು, ಪ್ರತಿ ಮಂಚದ ಕಾಲಿಗೂ ಬಿಳಿ ಪೇಂಟಿನಲ್ಲಿ ನಂಬರು. ಒಂದು ಮಂಚದಲ್ಲಿ ಹಿಂದೆ ಮಲಗಿದ್ದವಳು ಈಗ ಮಲಗುವವಳಿಗೆ ಅಕ್ಕ. ಅವಳಿಗೂ ಹಿಂದಿನವಳು ಇಬ್ಬರಿಗೂ ಅಕ್ಕ. ವರ್ಷಕ್ಕೊಮ್ಮೆ ಹಾಸ್ಟೆಲ್ ಡೇ ದಿನ ಪ್ರತಿ ಹುಡುಗಿಯೂ ಒಂದು ಬಾಳೆಎಲೆ ಹಾಕಿ, ತನ್ನ ಮಂಚದ ಅಕ್ಕನನ್ನು ಕೈಹಿಡಿದು ಕರೆತಂದು ಕೂರಿಸಿ, ತಾನೇ ತುಪ್ಪ ಬಡಿಸಬೇಕು. ಒಬ್ಬಳು ಹಾಕುವುದು ಒಂದೇ ಎಲೆ. ಒಂದೇ ಮಂಚದ ಇಬ್ಬರು ಅಕ್ಕಂದಿರು ಬಂದರೆ ಎಲೆ ಹಿರಿಯಳಿಗೆ. ಕಿರಿಯಳು ಗೋಡೆ ಪಕ್ಕದ ಟೇಬಲ್ಲಿನಲ್ಲಿ ಪೇಪರ್ ತಟ್ಟೆ ಹಿಡಿದು ನಿಂತು ಉಣ್ಣಬೇಕು.

ಪದ್ಮಶ್ರೀ ಮಲಗಿದ್ದು ಕಿಟಕಿ ಪಕ್ಕದ ಹದಿನಾಲ್ಕನೇ ಮಂಚದಲ್ಲಿ. ಎಷ್ಟೋ ವರ್ಷದ ಮೇಲೆ, ಗಜೇಂದ್ರಗಡದ ಕಡೆಯಿಂದ ಓದಲು ಬಂದ ಸಂಗಮ್ಮ ಮಲಗಿದ್ದೂ ಅದೇ ಮಂಚದಲ್ಲಿ. ಈಗ ಅಲ್ಲಿ ಮಲಗುವವಳು ಮಾಲೂರಿನ ರಶ್ಮಿ, ಬಿ.ಕಾಂ. ಓದುವ ಚೂಟಿ ಹುಡುಗಿ. ಆ ಮಂಚದ ಉಳಿದವರು ಯಾರೂ ಈಗ ಹಾಸ್ಟೆಲ್ ಕಡೆ ಬರುತ್ತಿರಲಿಲ್ಲ. ಹಾಗಾಗಿ ರಶ್ಮಿಗೆ ಇಬ್ಬರೇ ಅಕ್ಕಂದಿರು. ಲೆಕ್ಕಕ್ಕೆ ತೆಗೆದುಕೊಂಡರೆ ಸಂಗಮ್ಮ ಪದ್ಮಶ್ರೀಗೂ ತಂಗಿಯೇ. ಆದರೆ ಪದ್ಮಶ್ರೀ ಆ ಲೆಕ್ಕವನ್ನು ಎಂದೂ ತೆಗೆದುಕೊಂಡಿರಲಿಲ್ಲ.

ಕಳೆದ ವರ್ಷ ರಶ್ಮಿ ಪದ್ಧತಿಯಂತೆ ಪದ್ಮಶ್ರೀಯನ್ನೇ ಕೂರಿಸಿದಳು. "ಊಟ ಮಾಡಿ ಮೇಡಂ" ಎಂದು ತುಪ್ಪ ಹಾಕಿದಳು. ಹಾಕಿದವಳೇ ಗೋಡೆ ಪಕ್ಕದ ಟೇಬಲ್ಲಿಗೆ ಓಡಿಹೋಗಿ, ಪೇಪರ್ ತಟ್ಟೆ ಹಿಡಿದಿದ್ದ ಸಂಗಮ್ಮನ ಭುಜಕ್ಕೆ ಒರಗಿ, ಊಟ ಮುಗಿಯುವವರೆಗೂ ನಕ್ಕಳು. ಏನು ಮಾತೋ ಏನೋ, ಅವರಿಬ್ಬರ ನಗು ಹಾಲಿನ ಈ ತುದಿಗೆ ಕೇಳುತ್ತಿತ್ತು. ಪದ್ಮಶ್ರೀಗೆ ಹೋಳಿಗೆ ಗಂಟಲಲ್ಲೇ ನಿಂತಿತು. ತಾವು ಮೇಡಂ, ಅವಳು ಅಕ್ಕ. ತಮಗೆ "ನೀವು", ಅವಳಿಗೆ "ನೀನು". ನಮ್ಮ ಕಡೆಯ ಹುಡುಗಿ, ನಮ್ಮ ಮಾತಾಡುವ ಹುಡುಗಿ, ಆ ರೊಟ್ಟಿ ಸೀಮೆಯವಳಲ್ಲಿ ಏನು ಕಂಡಳು?

ಈ ವರ್ಷದ ಹಾಸ್ಟೆಲ್ ಡೇ ಹತ್ತಿರವಾಗುತ್ತಿದ್ದಂತೆ ಅಡುಗೆಯ ಜಟ್ಟೆಮ್ಮ ಇನ್ನೊಂದು ಸುದ್ದಿ ಮುಟ್ಟಿಸಿದಳು.

"ಅಮ್ಮಯ್ಯ, ನಿಮ್ಮ ಹುಡುಗಿ ವಾರ್ಡನ್ ಮೇಡಮ್ನ ಕೇಳ್ತಾ ಇದ್ಲು. ಎಲೆ ಹಿರಿಯರಿಗೇ ಹಾಕ್ಬೇಕಾ, ಇಷ್ಟ ಬಂದೋರಿಗೆ ಹಾಕ್ಬಾರ್ದಾ ಅಂತ."

"ವಾರ್ಡನ್ ಏನಂದ್ರು?"

"ಮಂಚ ಹೇಳ್ದಂಗೆ ಅಂದ್ರು. ಮಂಚ ಇರೋಗಂಟ ಅದೇ ರೂಲು ಅಂತೆ."

ಪದ್ಮಶ್ರೀಗೆ ಅರ್ಧ ಸಮಾಧಾನವಾಯಿತು, ಉಳಿದರ್ಧ ಕುದಿಯಿತು. ರೂಲಿನ ಹೆದರಿಕೆಗೆ ಹಾಕುವ ಎಲೆ ಎಂಥ ಎಲೆ? ಪುಡಿಯ ವ್ಯವಹಾರವನ್ನು ಬಯಲಿಗೆಳೆದರೆ ಹುಡುಗಿಯ ಕಣ್ಣು ತೆರೆಯುತ್ತದೆ ಎಂದು ತೀರ್ಮಾನಿಸಿ, ಮುಂದಿನ ಭಾನುವಾರ ಯಾರಿಗೂ ಹೇಳದೆ ಜೋಗುಪಾಳ್ಯಕ್ಕೆ ಹೊರಟರು. ಗಲ್ಲಿಯೊಳಗೆ ಕಾರು ಹೋಗಲಿಲ್ಲ. ಇಸ್ತ್ರಿ ಅಂಗಡಿಯ ಮೇಲಿನ ಮನೆ, ಕಡಿದಾದ ಮೆಟ್ಟಿಲು, ತೆರೆದೇ ಇದ್ದ ಬಾಗಿಲು.

"ಬರ್ರಿ ಅಕ್ಕಾರ!" ಒಳಗಿನಿಂದಲೇ ಸಂಗಮ್ಮ ಕೂಗಿದರು. "ಚಪ್ಪಲಿ ಒಳಗ ಬಿಡ್ರಿ, ಹೊರಗ ಬಿಟ್ರ ನಾಯಿ ಒಯ್ತಾವ."

ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದ್ದರೂ ಸಂಗಮ್ಮನ ಮಾತಿಗೆ ಇಲ್ಲಿನ ಗಾಳಿ ತಾಗಿರಲಿಲ್ಲ. ಶಿವಾಜಿನಗರದ ಕಡೆ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಗಂಡ ಅಪ್ಪಣ್ಣ ಕಾರ್ಖಾನೆಯ ಶಿಫ್ಟ್ ಕೆಲಸದವನು. ಒಂದು ಕೋಣೆ, ಒಂದು ಅಡುಗೆಮನೆ. ಆ ಕೋಣೆಯಲ್ಲಿ ಒಬ್ಬ ಹುಡುಗಿ ಚಾಪೆಯ ಮೇಲೆ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಇಬ್ಬರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ರಶ್ಮಿ ರಿಮೋಟಿಗಾಗಿ ಸಂಗಮ್ಮನ ಜೊತೆ ಜಗ್ಗಾಡುತ್ತಿದ್ದಳು.

"ಅಕ್ಕ, ನೀನು ಈ ಅಳೋ ಸೀರಿಯಲ್ ನೋಡಿ ನೋಡಿ ಹಾಳಾಗ್ತೀಯ. ಕೊಡಿಲ್ಲಿ."

"ಸುಮ್ನ ಕುಂದ್ರಲೇ. ಅತ್ತಿ ಈಗ ಸಾಯ್ತಾಳ, ಸತ್ತ ಮ್ಯಾಲ ಕೊಡ್ತೀನಿ."

ಪದ್ಮಶ್ರೀಯನ್ನು ಕಂಡು ರಶ್ಮಿ ಧಡಕ್ಕನೆ ಎದ್ದು ನಿಂತಳು. ದುಪಟ್ಟಾ ಸರಿಮಾಡಿಕೊಂಡಳು. "ಗುಡ್ ಮಾರ್ನಿಂಗ್ ಮೇಡಂ." ಆಗ ಸಂಜೆಯಾಗಿತ್ತು. ಆ ಎದ್ದು ನಿಲ್ಲುವಿಕೆಯೇ ಪದ್ಮಶ್ರೀಯ ಹೊಟ್ಟೆಗೆ ಮೆಣಸಿನಕಾಯಿ ಹಾಕಿತು. ಮಲಗಿದ್ದವಳಿಗೂ ಯಾರೋ ತಿವಿದರು. ಅವಳೂ ಎದ್ದು ಕೂತು ಗುಡ್ ಮಾರ್ನಿಂಗ್ ಹೇಳಿದಳು.

ಸಂಗಮ್ಮ ಮಾತ್ರ ಏಳಲಿಲ್ಲ. ಒಂದು ತಟ್ಟೆ ಬೆಳ್ಳುಳ್ಳಿಯನ್ನು ಮುಂದೆ ಸರಿಸಿದರು. "ತಗೋರಿ ಅಕ್ಕಾರ, ಮಾತಾಡ್ಕೋತ ಸುಲೀರಿ. ಖಾಲಿ ಕೈಲೆ ಕುಂತ್ರ ಉಪದೇಶ ಭಾಳ ಬರತಾವ."

ಹುಡುಗಿಯರು ನಗು ತಡೆಯಲು ಗೋಡೆ ನೋಡಿದರು. ಅಧ್ಯಕ್ಷೆ ಬೆಳ್ಳುಳ್ಳಿ ಸುಲಿದರು. ಸುಲಿಯುತ್ತಾ, ರಶ್ಮಿಗೆ ಅಕೌಂಟ್ಸ್ ಪೇಪರು ಹೋಗಿದೆ ಎಂಬ ಸಂಗತಿ ಅವರ ಕಿವಿಗೆ ಬಿತ್ತು. ಇಡೀ ಕೋಣೆಗೆ ಅದು ಹಳೆಯ ಸುದ್ದಿ.

"ನಂಗ್ಯಾಕಮ್ಮ ಹೇಳ್ಲಿಲ್ಲ? 'ಸೋಲನ್ನು ಗೆಲುವಾಗಿಸುವ ಹನ್ನೆರಡು ಸೂತ್ರಗಳು' ಅಂತ ಸೆಷನ್ ಇಟ್ಟಿದ್ನಲ್ಲ, ಅವತ್ತೇ ಹೇಳ್ಬಹುದಿತ್ತು."

"ಅವತ್ತು ರಿಸಲ್ಟ್ ಬಂದ ದಿನಾನೇ ಮೇಡಂ. ಅಕ್ಕನ ಮನೇಲಿ ಮಲಗಿದ್ದೆ."

"ನೀವೇನು ಹೇಳಿದ್ರಿ ಇವಳಿಗೆ?" ಎಂದು ಪದ್ಮಶ್ರೀ ಸಂಗಮ್ಮನ ಕಡೆ ತಿರುಗಿದರು. ಹದಿಮೂರನೆಯ ಸೂತ್ರವೇನಾದರೂ ಇದ್ದರೆ ತಿಳಿದುಕೊಳ್ಳೋಣ ಎಂಬ ಆಸೆ ಒಳಗೆ ಇತ್ತು.

"ನಾ ಏನ್ ಹೇಳ್ಲಿರಿ? ಮಕ್ಕೋ ಅಂದೆ. ಮಕ್ಕೊಂಡ್ಲು."

ಕೊನೆಗೆ ಪುಡಿಯ ವಿಚಾರ ಬಂತು. ಹೊರಡುವ ಮುನ್ನ ಹುಡುಗಿಯರು ಚೀಲದಿಂದ ಖಾಲಿ ಡಬ್ಬಿ ತೆಗೆದು ಕೊಡುವುದು, ಸಂಗಮ್ಮ ಅದನ್ನು ಮೂಗಿಗೆ ಹಿಡಿದು, ತೊಳೆದಿದ್ದಾರೋ ಇಲ್ಲವೋ ನೋಡಿ, ದೊಡ್ಡ ಡಬ್ಬದಿಂದ ಕಪ್ಪಗಿನ ಪುಡಿ ತುಂಬುವುದು. ಡಬ್ಬಿ ಮರೆತು ಬಂದವಳೊಬ್ಬಳು ಎಷ್ಟು ಗೋಗರೆದರೂ ಸಂಗಮ್ಮ ಜಗ್ಗಲಿಲ್ಲ. "ಡಬ್ಬಿ ವಾಪಸ್ ಬರ್ಲಿಲ್ಲಂದ್ರ ಪುಡಿ ಇಲ್ಲ. ನನ್ನ ಮದುವಿ ಡಬ್ಬಿ ಅವು." ಆ ಡಬ್ಬಿಗಳ ಮೇಲಿನ ಜಿಪುಣತನವೇ ಹುಡುಗಿಯರನ್ನು ವಾರ ವಾರ ಮತ್ತೆ ಎಳೆದು ತರುತ್ತಿತ್ತೇನೋ. ಪದ್ಮಶ್ರೀಯ ಹೈ ಟೀಯಲ್ಲಿ ಯಾರೂ ಏನನ್ನೂ ವಾಪಸ್ ಕೊಡಬೇಕಾಗಿರಲಿಲ್ಲ. ಹಾಗಾಗಿ ಯಾರೂ ವಾಪಸ್ ಬರುತ್ತಲೂ ಇರಲಿಲ್ಲ. ಇದು ಆಗ ಅವರಿಗೆ ಹೊಳೆಯಲಿಲ್ಲ. ಅವರ ಗಮನವೆಲ್ಲ ಪುಡಿಯ ಮೇಲಿತ್ತು.

"ಇದನ್ನ ತಿಂದ್ರೆ ಎಷ್ಟು ಇಳಿಯುತ್ತೆ?" ಎಂದು ದನಿ ತಗ್ಗಿಸಿ ಕೇಳಿದರು.

"ಏನು ಇಳಿಯೂದು?"

"ತೂಕ."

ಸಂಗಮ್ಮ ಅವರನ್ನೊಮ್ಮೆ, ಡಬ್ಬವನ್ನೊಮ್ಮೆ ನೋಡಿದರು. "ಗುರೆಳ್ಳ ಚಟ್ನಿಪುಡಿ ರೀ ಇದು. ಎಣ್ಣಿ ಹಾಕ್ಕೊಂಡು ರೊಟ್ಟಿ ಜೋಡಿ ತಿನ್ಕೋತ ಹೋದ್ರ ಈ ಬಾಗಿಲದಾಗ ಹಿಡಿಯಂಗಿಲ್ಲ ನೀವು."

ಕಾರಿನಲ್ಲಿ ಕೂತ ಮೇಲೂ ಬೆರಳಿನ ಬೆಳ್ಳುಳ್ಳಿ ವಾಸನೆ ಹೋಗಲಿಲ್ಲ. ಮೋಸವಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಬರೀ ಚಟ್ನಿಪುಡಿಗೆ, ಅಳುವ ಸೀರಿಯಲ್ಲಿಗೆ, ಒಂದು ಚಾಪೆಗೆ ತಾವು ಸೋತರೆಂದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಗಂಡ ಪ್ರೇಮ್‌ಕುಮಾರರ ಹತ್ತಿರ ಹೇಳಿಕೊಂಡರು. ಆದರೆ ಸೋಲಿನ ರೂಪದಲ್ಲಿ ಅಲ್ಲ, ಯೋಜನೆಯ ರೂಪದಲ್ಲಿ.

"ಹಾಸ್ಟೆಲಿಗೆ ಮಂಚ ಕೊಡ್ತೀನಿ ರೀ. ಎಲ್ಲಾ ಹೊಸಾದು. ಹುಡುಗೀರು ದಿನಾ ನೆನಸ್ಕೋಬೇಕು."

"ಹಳೇವು ಗಟ್ಟಿ ಇದ್ವಲ್ಲೇ?"

"ಗಟ್ಟಿ ಇದ್ರೆ ಸಾಕಾ? ಹೆಸರೆಲ್ಲಿದೆ ಅದರ ಮೇಲೆ?"

ಪ್ರೇಮ್‌ಕುಮಾರರು ಪೇಪರಿನ ಹಿಂದೆ ಸರಿದರು. ಮೂವತ್ತು ವರ್ಷದ ಸಂಸಾರ ಅವರಿಗೆ ಯಾವಾಗ ಪೇಪರ್ ಓದಬೇಕು ಎಂಬುದನ್ನು ಕಲಿಸಿತ್ತು.

ಮಂಚಗಳು ಬಂದವು. ತೇಗದ ಬಣ್ಣದವು, ತಲೆದೆಸೆಯಲ್ಲಿ ಅಗಲವಾದ ಹಲಗೆ, ಹಲಗೆಯ ಮೇಲೆ "ಕೊಡುಗೆ: ಶ್ರೀಮತಿ ಪದ್ಮಶ್ರೀ ಪ್ರೇಮ್‌ಕುಮಾರ್, ಇಂದಿರಾನಗರ" ಎಂದು ಚಿನ್ನದ ಬಣ್ಣದಲ್ಲಿ. ಯಾವ ಹುಡುಗಿ ಯಾವ ಕಡೆ ಹೊರಳಿದರೂ ಆ ಹೆಸರಿನ ಕೆಳಗೇ ತಲೆ ಇಡಬೇಕು. ರಿಬ್ಬನ್ ಕತ್ತರಿಸಿದರು. ಪ್ರತಿ ಮಂಚದ ಮೇಲೂ ಕೂತು ಫೋಟೋ ತೆಗೆಸಿಕೊಂಡರು. ಅತ್ತ ಶಿವಾಜಿನಗರದ ಗುಜರಿ ಲತೀಫ್ ಕಬ್ಬಿಣದ ಮಂಚಗಳನ್ನು ಕಾಲು ಕಳಚಿ ಟೆಂಪೋಗೆ ತುಂಬುತ್ತಿದ್ದ. ಜಟ್ಟೆಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಸೆರಗಿಟ್ಟುಕೊಂಡಿದ್ದಳು.

"ಅಯ್ಯೋ ಅಮ್ಮಯ್ಯ, ಹದಿನಾಲ್ಕನೇದೂ ಹೋಯ್ತಲ್ಲ."

"ಬರೀ ಹದಿನಾಲ್ಕಲ್ಲ ಜಟ್ಟೆಮ್ಮ, ಎಲ್ಲಾನೂ ಬದಲಾಯಿಸಿದೀನಿ" ಎಂದು ಪದ್ಮಶ್ರೀ ಹೆಮ್ಮೆಯಿಂದ ಹೇಳಿದರು.

ಜಟ್ಟೆಮ್ಮ ಹೇಳಿದ್ದೇನೆಂದು ಅರ್ಥವಾಗಿದ್ದು ಹಾಸ್ಟೆಲ್ ಡೇಗೆ ಎರಡು ದಿನವಿರುವಾಗ, ಚಪ್ಪರದ ವ್ಯವಸ್ಥೆ ನೋಡಲು ಹೋದಾಗ. ರಶ್ಮಿ ಓಡಿ ಬಂದಳು. ಇಷ್ಟು ದಿನದಲ್ಲಿ ಆ ಹುಡುಗಿ ತಮ್ಮ ಕಡೆ ಓಡಿ ಬಂದಿದ್ದು ಅದೇ ಮೊದಲು. ಪದ್ಮಶ್ರೀಯ ಎದೆ ಉಬ್ಬಿತು.

"ಮೇಡಂ, ತುಂಬಾ ತುಂಬಾ ಥ್ಯಾಂಕ್ಸ್ ಮೇಡಂ!"

"ಮಂಚ ಚೆನ್ನಾಗಿದ್ಯೇನಮ್ಮ?"

"ಮಂಚ ಹೋಯ್ತಲ್ಲ ಮೇಡಂ, ಅದಕ್ಕೆ. ನಂಬರೇ ಇಲ್ಲ ಈಗ, ಯಾರ್ದು ಯಾವ ಮಂಚ ಅಂತ ಯಾರಿಗೂ ಗೊತ್ತಾಗಲ್ಲ. ಈ ವರ್ಷದಿಂದ ಯಾರಿಗೆ ಬೇಕಾದ್ರೂ ಎಲೆ ಹಾಕ್ಬಹುದು ಅಂತ ವಾರ್ಡನ್ ಹೇಳ್ಬಿಟ್ರು. ಎಲ್ಲಾ ನಿಮ್ಮಿಂದ!"

ಪದ್ಮಶ್ರೀ ನಕ್ಕರು. ಅಧ್ಯಕ್ಷೆಯರು ನಗಲೇಬೇಕಾದ ಸಂದರ್ಭಗಳಿರುತ್ತವೆ. ನಕ್ಕು ಮುಗಿಸಿ, ಕಾರು ಹತ್ತಿ, ಸೀದಾ ಶಿವಾಜಿನಗರಕ್ಕೆ ಬಿಡಲು ಹೇಳಿದರು. ಲತೀಫನ ಗುಜರಿಯಲ್ಲಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಮುರಿದ ಕೂಲರುಗಳ ನಡುವೆ, ತುಕ್ಕು ಹಿಡಿದ ಸೈಕಲ್ಲುಗಳ ನಡುವೆ, ಬಿಳಿ ಪೇಂಟಿನ ನಂಬರಿಗಾಗಿ ಹುಡುಕಿದರು.

"ಏನ್ ಮೇಡಂ, ಚಿನ್ನ ಏನಾದ್ರೂ ಬಚ್ಚಿಟ್ಟಿದ್ರಾ ಅದ್ರಲ್ಲಿ?"

"ಒಂದೇ ಒಂದು ಮಂಚ ಬೇಕಪ್ಪ. ಹದಿನಾಲ್ಕನೇದು. ಎಷ್ಟಾದ್ರೂ ಕೊಡ್ತೀನಿ."

"ಅರೆ ಅಲ್ಲಾ, ಅದು ಇಷ್ಟೊತ್ತಿಗೆ ಯಾರ್ದೋ ಮನೆ ಕಿಟಕಿ ಸರಳು ಆಗಿರ್ತದೆ ಮೇಡಂ. ಬೇಜಾರ್ ಮಾಡ್ಕೋಬೇಡಿ, ಬೇರೆ ಮಂಚ ಇದೆ, ಹದಿನಾಲ್ಕು ಅಂತ ಬರೆದು ಕೊಡ್ತೀನಿ. ಏನ್ ಫರಕ್ ಬೀಳ್ತದೆ?"

ಒಂದು ಕ್ಷಣ ಪದ್ಮಶ್ರೀ ಯೋಚಿಸಿದರು ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಹಾಸ್ಟೆಲ್ ಡೇ ಬಂತು. ಪದ್ಮಶ್ರೀ ಮೈಸೂರು ಸಿಲ್ಕ್ ಉಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಭಾಷಣ ಚೆನ್ನಾಗಿ ಆಯಿತು. ಅಂದರೆ ಅವರಿಗೆ ಚೆನ್ನಾಗಿ ಆಯಿತು. ಆಮೇಲೆ ಹಾಲಿನಲ್ಲಿ ಎಲೆ ಹಾಕುವ ಗದ್ದಲ ಶುರುವಾಯಿತು. ಹುಡುಗಿಯರು ಅಕ್ಕಂದಿರ ಹೆಸರು ಕೂಗುತ್ತಾ, ಕೈಹಿಡಿದು ಎಳೆಯುತ್ತಾ ಓಡಾಡಿದರು. ಹಿಂದೆ ಎಂದೂ ಎಲೆ ಸಿಗದೆ ಗೋಡೆ ಪಕ್ಕ ನಿಲ್ಲುತ್ತಿದ್ದ ಎಷ್ಟೋ ಕಿರಿಯ ಅಕ್ಕಂದಿರು ಈ ಸಲ ಪಂಕ್ತಿಯಲ್ಲಿ ಕೂತು ನಾಚುತ್ತಿದ್ದರು. ಎಲ್ಲಾ ತಮ್ಮ ಮಂಚದ ಪ್ರತಾಪ.

ರಶ್ಮಿ ಎಲೆ ಹಿಡಿದು ಬಾಗಿಲ ಹತ್ತಿರ ನಿಂತು ಹಾಲಿನಲ್ಲೆಲ್ಲ ಕಣ್ಣಾಡಿಸುತ್ತಿದ್ದಳು. ಅವಳ ನೋಟ ಈ ಕಡೆ ತಿರುಗಿತು. ನೇರವಾಗಿ ನಡೆದು ಬಂದಳು. ಪದ್ಮಶ್ರೀ ಕೈಚೀಲವನ್ನು ಪಕ್ಕದ ಕುರ್ಚಿಗಿಟ್ಟು, ಮುಖದಲ್ಲಿ ಸ್ವಲ್ಪ ಆಶ್ಚರ್ಯ ತಂದುಕೊಂಡು, ಬಲಗೈಯನ್ನು ಹಿಡಿದುಕೊಳ್ಳಲು ಅನುಕೂಲವಾಗುವಂತೆ ಮುಂದಿಟ್ಟು ಅರ್ಧ ಎದ್ದರು.

"ಒಂದ್ನಿಮಿಷ ಮೇಡಂ, ದಾರಿ" ಎಂದು ರಶ್ಮಿ ಪಕ್ಕದಿಂದ ನುಸುಳಿ ಹಿಂದಿನ ಸಾಲಿಗೆ ಹೋದಳು. ಅಲ್ಲಿ ಸಂಗಮ್ಮ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ತೂಕಡಿಸುತ್ತಿದ್ದರು.

"ಅಕ್ಕ, ಏಳು. ನಿಂದೇ ಎಲೆ ಈ ಸಲ."

"ಹೌದಾ? ಹೋಳಿಗಿ ಮಾಡ್ಯಾರೇನು?" ಎಂದು ಕೇಳಿ ಸಂಗಮ್ಮ ಎದ್ದರು. ಒಂದು ಸಂಕೋಚವಿಲ್ಲ, ಬೇಡ ಬೇಡ ಎನ್ನುವ ಶಾಸ್ತ್ರವಿಲ್ಲ. ಹೋದರು, ಕೂತರು, ಎಲೆಗೆ ನೀರು ಚಿಮುಕಿಸಿದರು.

ಅರ್ಧ ಎದ್ದಿದ್ದ ಪದ್ಮಶ್ರೀ ಈಗ ಪೂರ್ತಿ ಏಳಬೇಕಾಯಿತು. ಮತ್ತೆ ಕೂತರೆ ಎಲ್ಲರಿಗೂ ತಿಳಿಯುತ್ತದೆ. ಗೋಡೆ ಪಕ್ಕದ ಟೇಬಲ್ಲಿಗೆ ಹೋಗೋಣವೆಂದರೆ ಅಲ್ಲಿ ಪೇಪರ್ ತಟ್ಟೆಗಳು. ಎದ್ದಿದ್ದಕ್ಕೆ ಏನಾದರೂ ಕಾರಣ ಬೇಕು. ಸಾರಿನ ಬಕೆಟ್ ಹಿಡಿದು ಬರುತ್ತಿದ್ದ ಜಟ್ಟೆಮ್ಮ ಎದುರಾದಳು.

"ಇಲ್ಲಿ ಕೊಡು ಜಟ್ಟೆಮ್ಮ. ಅಧ್ಯಕ್ಷೆ ತಾನೇ ಬಡಿಸಬೇಕು ಅಂತ ನಾನು ಮೊದ್ಲೇ ಅಂದ್ಕೊಂಡಿದ್ದೆ" ಎಂದು ಗಟ್ಟಿಯಾಗಿ, ಹಾಲಿಗೆಲ್ಲ ಕೇಳುವಂತೆ ಹೇಳಿ, ಸೆರಗು ಸಿಕ್ಕಿಸಿ ಬಕೆಟ್ ಕಿತ್ತುಕೊಂಡರು.

ಬಕೆಟ್ಟಿಗೆ ಅವರಂದುಕೊಂಡದ್ದಕ್ಕಿಂತ ಭಾರವಿತ್ತು. ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ನಡೆದರು. ಬಡಿಸುವವರ ಮುಖವನ್ನು ಯಾರು ನೋಡುತ್ತಾರೆ? "ಅಕ್ಕ, ಇಲ್ಲೊಂದ್ಚೂರು," "ಅಕ್ಕ, ಗಟ್ಟಿ ಹಾಕ್ಬೇಡಿ, ತಿಳಿ ಹಾಕಿ" ಎಂದು ಎಲ್ಲ ಕಡೆಯಿಂದ ದನಿ ಬಂತು. ಅಭಿಯಾನದುದ್ದಕ್ಕೂ ಕಿವಿಗೆ ಬೀಳದ ಆ ಪದ ಸಾರಿನ ಬಕೆಟ್ ಹಿಡಿದ ತಕ್ಷಣ ಇಷ್ಟು ಅಗ್ಗವಾಗಿ ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಒಂದಿಬ್ಬರಿಗೆ ಗಟ್ಟಿಯನ್ನೇ ಹಾಕಿದರು.

ಹಾಗೆ ಬಡಿಸುತ್ತಾ ಸಂಗಮ್ಮನ ಎಲೆಯ ಮುಂದೆ ಬಂದು ನಿಂತರು. ಪಕ್ಕದಲ್ಲಿ ರಶ್ಮಿ ತುಪ್ಪದ ಮಿಳ್ಳೆ ಹಿಡಿದು ಕೂತಿದ್ದಳು. ಸಂಗಮ್ಮ ಅನ್ನಕ್ಕೆ ಗುಳಿ ಮಾಡಿ, ಕೈ ಮೇಲೆತ್ತಿಕೊಂಡು ಕಾಯುತ್ತಿದ್ದರು. ಹೋದ ವರ್ಷದಿಂದ ಗಂಟಲಲ್ಲಿ ನಿಂತಿದ್ದದ್ದು ಪದ್ಮಶ್ರೀಯ ಬಾಯಿಗೆ ಬಂದೇಬಿಟ್ಟಿತು. ಸೌಟನ್ನು ಎಲೆಯ ಮೇಲೆ ಹಿಡಿದು, ಬಗ್ಗಿಸದೆ, ಹಲ್ಲು ಕಚ್ಚಿ ಕೇಳಿದರು:

"ನಿಜ ಹೇಳಿ ಸಂಗಮ್ಮ. ಬ್ಯಾನರ್ ಹಾಕ್ಸಿದ್ದು ನಾನು, ಹೈ ಟೀ ಕೊಟ್ಟಿದ್ದು ನಾನು, ಇವರು ಮಲಗೋ ಮಂಚಾನೂ ನಂದೇ. ನನ್ನ ಹತ್ರ ಇಲ್ದೇ ಇರೋದು ನಿಮ್ಮ ಹತ್ರ ಏನಿದೆ?"

ಸಂಗಮ್ಮ ತಲೆಯೆತ್ತಿ ಅವರನ್ನು ನೋಡಿದರು, ಸೌಟನ್ನು ನೋಡಿದರು.

"ಸದ್ಯಕ್ಕ ಒಂದು ಎಲಿ ಐತ್ರಿ ಅಕ್ಕಾರ. ಸಾರು ಹಾಕ್ರಿ, ಅನ್ನ ಆರಾಕತ್ತೈತಿ."